ಹತ್ತು ತಟ್ಟು

ಹತ್ಗಲ್ ಊರಿನ ಶಾಲೆಯ ವ್ಯಾಯಾಮದ ಹಾಲಿನಲ್ಲಿ
ಬ್ಯಾಸ್ಕೆಟ್‌ಬಾಲ್ ಕಂಬದ ಕೆಳಗೆ ನನ್ನ ಮಂಚ,
ನನ್ನ ಯಂತ್ರ, ಒಂದು ಹೀಟರ್. ಹೊರಗೆ ಸಾಲು.
ಮಾರ್ಚ್ ತಿಂಗಳು, ಮೈನಸ್ ಇಪ್ಪತ್ತೆರಡು.
ಮೂರು ತಾಸು ಹೊಟ್ಟೆ ಖಾಲಿ ಇರಲಿ ಎಂದು ಚೀಟಿ ಅಂಟಿಸಿದ್ದೆ;
ನಿನ್ನೆ ರಾತ್ರಿಯಿಂದಲೇ ಉಪವಾಸ ಕೂತಿದ್ದಾರೆ ಎಲ್ಲ,
ಉಪ್ಪು ಹಾಕಿದ ಹಾಲುಚಹಾ ಫ್ಲಾಸ್ಕಿನಲ್ಲಿ ತಂದು
ಮುಚ್ಚಳ ತೆರೆಯದೆ.

ಮೂವತ್ತೊಂದನೆಯವನು ಗೊಂಬೊಸುರೆನ್.
ಅರವತ್ತೆಂಟು. ಒಂದು ಕಾಲಕ್ಕೆ ಲಾರಿ ಡ್ರೈವರ್,
ಚಳಿಗಾಲವಿಡೀ ಹುವ್ಸ್‌ಗುಲ್ ಸರೋವರದ ಮಂಜುಗಡ್ಡೆ ಮೇಲೆ
ಪೆಟ್ರೋಲ್ ಹೇರಿಕೊಂಡು ಆ ದಡಕ್ಕೂ ಈ ದಡಕ್ಕೂ.
ನಿಲುವಂಗಿ ಬಿಚ್ಚಲಿಕ್ಕೇ ಐದು ನಿಮಿಷ. ನಡುಪಟ್ಟಿಯನ್ನು
ಸುತ್ತಿ ಟೋಪಿಯೊಳಗಿಟ್ಟ, ಟೋಪಿಯನ್ನು ಕಿಟಕಿಯ ಮೇಲೆ.
ನೆಲಕ್ಕಿಡುವ ಹಾಗಿಲ್ಲ.

ಬಲಗೈ ತಲೆಯ ಮೇಲಕ್ಕೆ. ಹಾಗೆ.
ಪಕ್ಕೆಲುಬಿನ ಸಂದಿಗೆ ಜೆಲ್ ಹಚ್ಚಿದೆ.
"ಅಬ್ಬಾ, ತಣ್ಣಗೆ!" ಅಂದ,
ಎರಡು ತಾಸು ಹೊರಗೆ ನಿಂತು ಬಂದವನು.

ಟಕ್.

"ಏನದು?"
"ತಟ್ಟುತ್ತಿದ್ದೇನೆ. ಒಳಗೊಂದು ಅಲೆ ಹೋಗುತ್ತದೆ.
ಅದರ ಬೆನ್ನಿಗೆ ಕಿವಿಗೆ ಕೇಳದ ಸದ್ದನ್ನು ಅಟ್ಟಿ
ಎಷ್ಟು ಬೇಗ ಹೋಯಿತೆಂದು ನೋಡುತ್ತೇನೆ.
ಮೆತ್ತಗಿದ್ದರೆ ತೆವಳುತ್ತದೆ, ಗಟ್ಟಿಯಿದ್ದರೆ ಓಡುತ್ತದೆ."
ಆತ ನಕ್ಕ. ಮೇಲಿನ ಸಾಲಿನಲ್ಲಿ ಎರಡೇ ಹಲ್ಲು.
"ಇದು ನನ್ನ ಕಸುಬು, ಮಗಳೇ!"

ಟಕ್ಕಿಗೂ ಟಕ್ಕಿಗೂ ನಡುವೆ ಹೇಳಿದ:
ಲಾರಿಯ ಮುಂದೆ ಒಬ್ಬ ನಡೆಯಬೇಕು, ಕೈಯಲ್ಲಿ ಹಾರೆ.
ಕುಟ್ಟಬೇಕು, ನಿಲ್ಲಬೇಕು, ಅಂಗಾಲಿನಲ್ಲಿ ಕೇಳಬೇಕು.
ಢಣ್ ಅಂದರೆ ಬಾ. ದಬ್ ಅಂದರೆ ಬಳಸಿಕೊಂಡು ಬಾ.
ಏನೂ ಅನ್ನದಿದ್ದರೆ
ಬಾಗಿಲು ತೆರೆದಿಟ್ಟುಕೊಂಡೇ ಓಡಿಸುವುದು,
ಹಾರಿಕೊಳ್ಳಲಿಕ್ಕೆ.
ತಮ್ಮ ದಂಜನ್ ಆ ದಿನ ಬಾಗಿಲು ಹಾಕಿಕೊಂಡಿದ್ದ.
ಚಳಿ ಇತ್ತು.

ಆರು. ಏಳು. ಎಂಟನೆಯದನ್ನು ಯಂತ್ರ ಒಪ್ಪಲಿಲ್ಲ,
ಆತ ಕೆಮ್ಮಿದ್ದ. ಮತ್ತೆ ಎಂಟು.

ನಮ್ಮ ಮಾತಿನಲ್ಲಿ ಬಂಧುಗಳೆಂದರೆ ಯಕೃತ್ತಿನವರು.
ಅಣ್ಣತಮ್ಮ, ಸೋದರತ್ತೆ, ಸೊಸೆಯ ತವರು
ಎಲ್ಲ ಅದೊಂದೇ ಪದದೊಳಗೆ.
ವೈರಾಣುವೂ ಅಲ್ಲೇ ಬಂದು ಕೂತಿತು, ಕರೆಯದ ನೆಂಟ,
ಯಾವ ಸೂಜಿಯಿಂದಲೋ, ಹಲ್ಲು ಕಿತ್ತ ಯಾರ ಇಕ್ಕಳದಿಂದಲೋ.
ಕೆದಕಿ ಫಲವಿಲ್ಲ. ಅರ್ಧ ಸಾಲಿನದು ಅದೇ ಕಥೆ.

ಹತ್ತು. ಹತ್ತರ ನಡುವಣ ಅಂಕಿ ಪರದೆಗೆ ಬಂತು:
ಹತ್ತೊಂಬತ್ತು ಕಿಲೋಪಾಸ್ಕಲ್.
"ಏನಂತೆ?"
ದಣಿದಿದ್ದೆ. ಯೋಚಿಸಲಿಲ್ಲ. "ಗಟ್ಟಿಯಿದೆ" ಅಂದೆ.

ಆತನ ಮುಖ ಬೆಳಗಿತು. ದೇವರೇ, ಬೆಳಗಿತು.
ಬಾಗಿಲಾಚೆಯ ಹೆಂಡತಿಗೆ ಕೂಗಿಯೇ ಬಿಟ್ಟ:
"ಹಂಡಾ! ಗಟ್ಟಿಯಿದೆಯಂತೆ! ಲಾರಿ ಹೋಗಬಹುದು!"
ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಜೆಲ್ ಒರೆಸಿದೆ. ಇನ್ನೊಮ್ಮೆ ಒರೆಸಿದೆ, ಇಲ್ಲದ ಜೆಲ್ಲನ್ನು.
ಕೊಟ್ಟ ಪದವನ್ನು ವಾಪಸು ಕೇಳುವುದು ಹೇಗೆ?
"ಗೊಂಬೊ ಗುವೈ, ನಾನು ತಟ್ಟಿದ್ದು ಮೇಲಿನ ಮಂಜುಗಡ್ಡೆಯನ್ನಲ್ಲ.
ಕೆಳಗಿನ ನೀರನ್ನು.
ನೀರು ಗಟ್ಟಿಯಾಗಬಾರದಿತ್ತು."

ಬ್ಯಾಸ್ಕೆಟ್ಟಿನ ಹರಿದ ಬಲೆಯನ್ನೇ ನೋಡುತ್ತ ಮಲಗಿದ್ದ.
ಹೀಟರ್ ಮೂರು ಸಲ ಕಿರುಗುಟ್ಟಿತು.
"ತಳದವರೆಗೂ?"
"ಇಲ್ಲ. ತಳದವರೆಗೆ ಅಲ್ಲ."
"ಹಾಗಾದರೆ ಮೀನಿದೆ."
"ಇದೆ. ಮಾತ್ರೆಯೂ ಇದೆ. ಆರು ತಿಂಗಳಿಗೆ ಮತ್ತೆ ತಟ್ಟಬೇಕು.
ವೋಡ್ಕಾ ಮಾತ್ರ..."
"ಅದನ್ನು ಹೇಳಬೇಡ. ಗೊತ್ತು."

ನಡುಪಟ್ಟಿ ಸುತ್ತಿಕೊಂಡ, ಮೊದಲಿಗಿಂತ ನಿಧಾನ.
ಹಂಡಾ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು, ಹಬ್ಬದವಳ ಹಾಗೆ.
ಆಕೆಗೆ ಏನು ಹೇಳಿದನೋ ಕೇಳಿಸಲಿಲ್ಲ.
ಬಾಗಿಲು ತೆರೆದೇ ಹೋದ.

ಚಳಿ ಒಳಗೆ ಬಂತು. ಹಾಕಿ ಎಂದು ನಾನು ಅನ್ನಲಿಲ್ಲ.
ಮೂವತ್ತೆರಡು, ಎಂದು ಕರೆದೆ.